ಸರ್ವರ್ ಕೇಳಿದ ಆರತಿ

ನಮ್ಮ ಆಫೀಸಿನ ಮೂರು ಸರ್ವರುಗಳಲ್ಲಿ ನಡುವಿನದರ ಹಣೆಯ ಮೇಲೆ ಒಂದು ಕುಂಕುಮದ ಬೊಟ್ಟಿದೆ; ಅದರಲ್ಲಿ ದಸರೆಯ ಒಂದು ಅಕ್ಷತೆಕಾಳು ಇನ್ನೂ ಅಂಟಿಕೊಂಡಿದೆ. ಕೆಲಸದಲ್ಲಿ ನಾನು ಅಚ್ಚುಕಟ್ಟು ಎಂದು ಹೆಸರಾದವಳು. ಆದರೂ ಅದನ್ನು ಒರೆಸಲು ಮನಸ್ಸಾಗಿಲ್ಲ. ಮಾತಿನಲ್ಲಿ ಮಾತ್ರ ನಾನು ಬಹಳ ಜಿಪುಣಿ. ಹೆಮ್ಮೆಪಟ್ಟುಕೊಳ್ಳುವುದಕ್ಕೂ ಸ್ವಲ್ಪ ಮಾತು ಖರ್ಚಾಗುತ್ತದೆ ಎಂಬುದು ನನಗೆ ಈಚೆಗಷ್ಟೇ ತಿಳಿಯಿತು.

ಪಣಜಿ ಹತ್ತಿರದ ಕೊರ್ಲಿಮ್‌ನಲ್ಲಿ ಔಷಧಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಅಲ್ಲಿನ ಒಂದು ತಂಪು ಕೋಣೆಯಲ್ಲಿ ಈ ಮೂರು ಸರ್ವರುಗಳಿವೆ. ಲೆಕ್ಕಪತ್ರ, ಹಾಜರಿ, ಗೇಟ್‌ಪಾಸು ಎಲ್ಲವೂ ಅವುಗಳೊಳಗಿನ ವರ್ಚುವಲ್ ಯಂತ್ರಗಳಲ್ಲಿ, ಎಂದರೆ ಬರೀ ಸಾಫ್ಟ್‌ವೇರಿನಲ್ಲಿರುವ ಕಂಪ್ಯೂಟರುಗಳಲ್ಲಿ, ನಡೆಯುತ್ತವೆ. ಮೂರಕ್ಕೂ ಸೇರಿ ಸ್ಟೋರೇಜ್ ಒಂದೇ. ಇದನ್ನು ಅಪ್‌ಗ್ರೇಡ್ ಮಾಡುವ ಬಗೆಯನ್ನು ಅವ್ವನಿಗೆ ಹೀಗೆ ವಿವರಿಸಿದ್ದೆ: ಮದುವೆಮನೆಯಲ್ಲಿ ಮೂರು ಒಲೆ, ಒಂದೇ ಉಗ್ರಾಣ. ಒಂದು ಒಲೆ ರಿಪೇರಿ ಮಾಡುವಾಗ ಅದರ ಮೇಲಿನ ಪಾತ್ರೆಗಳನ್ನು, ಕುದಿ ನಿಲ್ಲದಂತೆ, ಉಳಿದೆರಡರ ಮೇಲೆ ಸರಿಸಬೇಕು. ಅದು ಸರಿಯಾಗಿ ಹೊತ್ತಿಕೊಂಡಿತೆಂದು ಖಾತ್ರಿಯಾದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಉಗ್ರಾಣವನ್ನಂತೂ ಆ ದಿನ ಮುಟ್ಟಲೇಬಾರದು. ಎಲ್ಲ ಕೇಳಿಸಿಕೊಂಡ ಅವ್ವ, "ಇಷ್ಟಕ್ಕ ಇಂಜಿನಿಯರಿಂಗ್ ಓದಿದೇನ?" ಎಂದಳು.

ಮ್ಯಾನೇಜರ್ ಕುಲಕರ್ಣಿಯವರಿಗೆ ಈ ಒಲೆಗಳ ಕಥೆ ಹಿಡಿಸಲಿಲ್ಲ. ರವಿವಾರ ಮೂರನ್ನೂ ಒಟ್ಟಿಗೆ ಆರಿಸಿ, ಪಣಜಿಯ ಕಂತ್ರಾಟದವರನ್ನು ಕರೆಸಿ ಮುಗಿಸಿಬಿಡೋಣ ಎಂದರು. ಆಗ ನಾನು ನನ್ನ ನೌಕರಿಯ ಅತಿ ದೀರ್ಘ ಭಾಷಣ ಮಾಡಿದೆ. ಕೆಲಸದ ದಿನವೇ, ಎಲ್ಲರೂ ಇರುವಾಗಲೇ ಮಾಡುತ್ತೇನೆ; ಏನಾದರೂ ಕೆಟ್ಟರೆ ಹೇಳುವವರು ಎದುರಿಗೇ ಇರುತ್ತಾರೆ; ಕೆಡುವುದಂತೂ ಇಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಆತು. ಆದ್ರ ಒಂದ ಲಾರಿ ಗೇಟಿನಾಗ ನಿಂತ್ರೂ, ಆ ಖೋಲಿ ಕೀಲಿ ಪಣಜಿಯವರ ಕೈಯಾಗ ನೋಡ್ರಿ" ಎಂದರು. ಆ ತಂಪು ಕೋಣೆ ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಮಾತಾಡಿಸದ ಏಕೈಕ ಜಾಗ. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಬ್ಯಾಕಪ್ ತೆಗೆದೆ, ತೆಗೆದದ್ದು ನಿಜವಾಗಿ ತೆರೆಯುತ್ತದೆಯೇ ಎಂದೂ ನೋಡಿದೆ. ಮೊದಲ ಸರ್ವರ್ ಹೂವೆತ್ತಿದ ಹಾಗೆ ಮುಗಿಯಿತು. ನಡುವಿನದನ್ನು ಖಾಲಿ ಮಾಡಲು ಹೊರಟೆ. ಎಲ್ಲ ಯಂತ್ರಗಳೂ ವಿನಯದಿಂದ ಪಕ್ಕಕ್ಕೆ ಸರಿದವು. ಗೇಟ್‌ಪಾಸಿನದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ನನ್ನ ಸಿ.ಡಿ. ಇಲ್ಲಿದೆ, ಬಿಟ್ಟು ಬರಲಾರೆ ಎಂಬುದು ಅದರ ತಕರಾರು.

ಆಗ ನೆನಪಾಯಿತು. ದಸರೆಯ ಖಂಡೇಪೂಜೆಯ ದಿನ ಸ್ಟೋರಿನ ಪಾಟೀಲ ಸರ್ ಆರತಿ ಹಾಡುಗಳ ಸಿ.ಡಿ. ತಂದಿದ್ದರು. ಆಫೀಸಿನಲ್ಲಿ ಸಿ.ಡಿ. ತೂರಿಸುವ ಬಾಯಿ ಇದ್ದದ್ದು ನಡುವಿನ ಸರ್ವರಿಗೆ ಮಾತ್ರ; ಅದನ್ನು ಗೇಟ್‌ಪಾಸಿನ ಯಂತ್ರಕ್ಕೆ ಜೋಡಿಸಲಾಗಿತ್ತು. ಇದಕ್ಕೆ ಸ್ಪೀಕರ್ ಇಲ್ಲ, ಹಾಡು ಕೇಳಿಸುವುದಿಲ್ಲ ಎಂದು ನಾನು ಮೆಲ್ಲಗೆ ಹೇಳಿದ್ದೆ. "ನಾವು ಕೇಳೂದಲ್ರೀ ಮೇಡಂ, ಅದು ಕೇಳ್ಬೇಕು" ಎಂದು ಅವರು ಒಳಗೆ ತಳ್ಳಿಯೇಬಿಟ್ಟಿದ್ದರು. ಅಪ್‌ಗ್ರೇಡಿಗೆ ಮುಂಚೆ ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ, ಭಕ್ತಿಯೊಂದನ್ನು ಬಿಟ್ಟು.

ಒತ್ತಾಯದಿಂದ ಎಳೆದರೆ ಯಂತ್ರ ನಿಲ್ಲಬಹುದು, ಯಂತ್ರ ನಿಂತರೆ ಲಾರಿ ನಿಲ್ಲುತ್ತದೆ. ಹೊರಗೆ ಒಂದು ಲಾರಿ ಹಾರ್ನ್ ಮಾಡುತ್ತಲೂ ಇತ್ತು. ಸಿ.ಡಿ.ಯ ಮೇಲೆ ಯಂತ್ರಕ್ಕಿದ್ದ ಹಿಡಿತವನ್ನು ಸಾವಕಾಶವಾಗಿ ಬಿಡಿಸಿ, ಪಾಟೀಲ ಸರ್ ಅವರನ್ನು ಕರೆದು, ಅವರ ಕೈಯಿಂದಲೇ ಅದನ್ನು ತೆಗೆಸಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಆರತಿ ಪೂರ್ತಿ ಮುಗಿದಿತ್ತೇ ಎಂದು ಕೇಳಿದರು. ಮುಗಿದಿತ್ತು ಎಂದೆ. ಅವರು ಬಾಗಿಲು ದಾಟುವಷ್ಟರಲ್ಲಿ ಗೇಟ್‌ಪಾಸಿನ ಯಂತ್ರ ಪಕ್ಕದ ಸರ್ವರಿಗೆ ಹೋಗಿ ಕೂತಿತ್ತು. ಲಾರಿ ಹೊರಟುಹೋದ ಸದ್ದು ಕೇಳಿಸಿತು. ಉಳಿದದ್ದು ಸಲೀಸು. ಮೂರನೆಯದೂ ಮುಗಿದಾಗ ಪರದೆಯ ಮೇಲೆ ಎಲ್ಲ ಹಸಿರು. ಬಾಗಿಲು ಮುಚ್ಚಿದೆಯೆಂದು ನೋಡಿಕೊಂಡು ಒಬ್ಬಳೇ ಒಮ್ಮೆ ಚಪ್ಪಾಳೆ ತಟ್ಟಿದೆ.

ಸಂಜೆ ಚಹಾದ ಹೊತ್ತಿಗೆ, ಯಾರಾದರೂ ಕೇಳಿಯಾರು ಎಂದು ಎಂದಿಗಿಂತ ಹೆಚ್ಚು ಹೊತ್ತು ನಿಂತೆ. ಕೊನೆಗೆ ಕುಲಕರ್ಣಿಯವರೇ ಬಂದು, ಸಹಾನುಭೂತಿಯಿಂದ, "ಧೈರ್ಯ ಸಾಲಲಿಲ್ಲೇನ್ರಿ? ಇರ್ಲಿ, ಪಣಜಿಯವ್ರಿಗೆ ಹೇಳ್ತೇನಿ" ಎಂದರು.

"ಹೌದ್ರಿ ಸರ್," ಎಂದು ಪಾಟೀಲ ಸರ್ ಸಾಕ್ಷಿ ನುಡಿದರು, "ಮೇಡಂ ಇವತ್ತ ಸಿ.ಡಿ. ತಗಸೂದು ಬಿಟ್ರ ಏನೂ ಮಾಡಿಲ್ಲ. ನನ್ನ ಒಂದ ಲಾರಿನೂ ನಿಂತಿಲ್ಲ."

"ಮುಗದೈತ್ರಿ ಸರ್. ಮೂರೂ," ಎಂದೆ.

ಕುಲಕರ್ಣಿಯವರ ಚಹಾದ ಕಪ್ ಬಾಯಿಯ ಹತ್ತಿರವೇ ನಿಂತಿತು. ಅದನ್ನು ಕೆಳಗಿಟ್ಟು, ಬಂದು ಪರದೆಯನ್ನು ಕಣ್ಣಾರೆ ನೋಡಿ, ಕೋಣೆಯ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮ ಹತ್ರನ ಇರ್ಲಿ" ಎಂದರು. ಅಷ್ಟೇ. ಉಳಿದವರೆಲ್ಲ ಆಗಲೇ ಬಸ್ಸು ಹಿಡಿಯಲು ಹೋಗಿದ್ದರು.

ಯಾರ ಗಮನಕ್ಕೂ ಬಾರದಿರುವುದೇ ಈ ಕೆಲಸದ ಹೆಚ್ಚುಗಾರಿಕೆ, ಹೊಗಳಿಕೆ ನನ್ನಂಥವಳಿಗೆ ಬೇಕಾಗಿಲ್ಲ ಎಂದು ಫಾತೋರ್ಡಾದಲ್ಲಿನ ನನ್ನ ಮನೆ ಮುಟ್ಟುವವರೆಗೂ ನನಗೆ ನಾನೇ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ, ನೋಟಿಸ್ ಬೋರ್ಡಿನ ಮೇಲೆ, 'ನಿನ್ನೆ ಮೂರೂ ಸರ್ವರುಗಳ ಅಪ್‌ಗ್ರೇಡಿನಿಂದ ತಮಗೆಲ್ಲ ಉಂಟಾದ ಅಡಚಣೆಗೆ ವಿಷಾದಿಸುತ್ತೇನೆ' ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.