ಎರವಲು ಮೂಲಪುರುಷ

ನಮ್ಮ ಊರಿನಲ್ಲಿ ಏನೂ ನಡೆಯುವುದಿಲ್ಲ ಎಂದು ಊರವರೇ ಹೇಳುತ್ತಾರೆ. ಇರಬಹುದು. ಆದರೆ ಏನೂ ನಡೆಯದ ಊರಿನಲ್ಲಿ ಇಷ್ಟೊಂದು ಗಲಾಟೆ ಹೇಗೆ ನಡೆಯುತ್ತದೆ ಎಂಬುದು ಇಲ್ಲಿಗೆ ಬಂದ ದಿನದಿಂದಲೂ ನನಗೆ ಅರ್ಥವಾಗಿಲ್ಲ. ಮಲಯ್ ನಾಡಿನ ಹಳೆಯ ಬಂದರು ನಗರ ಮೆಲಾಕಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ನಾನು ಅನಾಟಮಿ ಮೇಷ್ಟ್ರು. ಶಾಂತವಾಗಿರುತ್ತದೆ ಎಂದುಕೊಂಡು ಕಾಲೇಜಿನಿಂದ ದೂರದ ಈ ಸಣ್ಣ ಊರಿನಲ್ಲಿ ಮನೆ ಮಾಡಿದೆ. ಊರೆಂದರೆ ಒಂದು ಬೀದಿ. ಬೀದಿಯ ಒಂದು ಬದಿಗೆ ಹಳೆಯ ಅಂಗಡಿಗಳ ಸಾಲು, ಇನ್ನೊಂದು ಬದಿಗೆ ಚರಂಡಿ. ಶಾಂತಿ ಮಾತ್ರ ಎರಡೂ ಬದಿಗೆ ಸಿಗಲಿಲ್ಲ.

ಊಟ ಆಯ್ತಾ?

ಅಂಗಡಿ ಸಾಲಿನ ಮೂಲೆಯಲ್ಲಿ ಒಬ್ಬ ಚೀನೀ ಅಂಕಲ್‌ನ ಕಾಫಿ ಅಂಗಡಿ ಇದೆ. ಬಂದ ಮರುದಿನ ಅದರ ಮುಂದೆ ಹೋಗುತ್ತಿದ್ದಾಗ ಅಂಕಲ್ ಒಳಗಿನಿಂದಲೇ ಕೂಗಿದ, "ಡಾಕ್ಟರ್, ಮಕಾನ್ ಆಯ್ತಾ?"

ಮಕಾನ್ ಎಂದರೆ ಮಲಯ್ ಭಾಷೆಯಲ್ಲಿ ಊಟ. ಉಡುಪಿ ಕಡೆಯವನಾದ ನನಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಊಟ ಆಯ್ತಾ ಎಂದು ಕೇಳುವವರಿಗೆ ನಮ್ಮ ಊಟದ ಚಿಂತೆ ಇರುವುದಿಲ್ಲ, ಹೊಟ್ಟೆ ಖಾಲಿ ಇದ್ದರೂ "ಆಯ್ತು" ಎಂದು ಮುಂದೆ ಹೋಗುವುದು ಮರ್ಯಾದೆ. ಹಾಗೆಯೇ ಹೇಳಿದೆ.

ಅಂಕಲ್ ಸೌಟು ಹಿಡಿದುಕೊಂಡೇ ಹೊರಗೆ ಬಂದ. "ಆಯ್ತಾ? ಎಲ್ಲಿ ಆಯ್ತು?"

ಊರಿನಲ್ಲಿ ತಿಂಡಿ ಸಿಗುವುದು ಅವನ ಅಂಗಡಿಯಲ್ಲಿ ಮಾತ್ರ ಎಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎನ್ನೋಣವೆಂದರೆ ನಮ್ಮ ಗ್ಯಾಸ್ ಸಿಲಿಂಡರ್ ಇನ್ನೂ ಬಂದಿಲ್ಲ ಎನ್ನುವುದು ಇಡೀ ಬೀದಿಗೆ ಗೊತ್ತಿತ್ತು. ತಲೆ ತಗ್ಗಿಸಿ ಒಳಗೆ ಹೋಗಿ ಕೂತೆ. ಮೀನು ಬೇಡ, ಮಾಂಸ ಬೇಡ, ಮೊಟ್ಟೆ ಬೇಡ ಎಂದು ಒಂದೊಂದಾಗಿ ಹೇಳಿದೆ. ಅಂಕಲ್ ಪೂರ್ತಿ ಕೇಳಿಸಿಕೊಂಡು, ಇಲ್ಲಿಯವರು ಎಲ್ಲ ಮಾತಿಗೂ ಅಂಟಿಸುವ 'ಲಾ' ಸೇರಿಸಿ, "ಹಾಗಾದರೆ ಈ ಭೂಮಿಗೆ ಯಾಕೆ ಬಂದೆ ಲಾ?" ಎಂದ.

ಉತ್ತರ ಇನ್ನೂ ಹುಡುಕುತ್ತಿದ್ದೇನೆ. ಅಷ್ಟರವರೆಗೆ ದಿನಾ ಬೆಳಿಗ್ಗೆ ಅಲ್ಲಿಯೇ ಕಾಫಿ, ಬೆಣ್ಣೆ ಹಚ್ಚಿದ ಬ್ರೆಡ್ಡು.

ಮೂವರು ಅಜ್ಜಂದಿರು

ಒಂದು ದಿನ ಸುದ್ದಿ ಬಂತು. ಅಂಗಡಿ ಸಾಲನ್ನು ಕೆಡವಿ ಪಾರ್ಕಿಂಗ್ ಜಾಗ ಮಾಡುತ್ತಾರಂತೆ. ಯಾಕೆಂದರೆ ಮೆಲಾಕಾಕ್ಕೆ ಇತಿಹಾಸ ನೋಡಲು ಹೋಗುವವರ ಬಸ್ಸುಗಳಿಗೆ ನಿಲ್ಲಲು ಜಾಗ ಬೇಕಂತೆ. ಅವರ ಇತಿಹಾಸ ನೋಡಲು ನಮ್ಮದನ್ನು ಕೆಡವಬೇಕು. "ನಿಮ್ಮ ಊರಿಗೂ ಏನಾದರೂ ಇತಿಹಾಸ ಇದ್ದರೆ ತೋರಿಸಿ, ನಾನೇ ಬಂದು ನೋಡಿ ತೀರ್ಮಾನ ಮಾಡುತ್ತೇನೆ" ಎಂದು ಹಿರಿಯ ಅಧಿಕಾರಿಯೊಬ್ಬರು ಹೇಳಿ ಕಳಿಸಿದರು.

ನನಗೆ ನಿಜವಾಗಿಯೂ ಸಂಕಟವಾಯಿತು. ಆ ಸಾಲು ಹೋದರೆ ಊರಿನಲ್ಲಿ ಉಳಿಯುವುದು ಚರಂಡಿ ಮಾತ್ರ. ಅಂಕಲ್ ಅಂತೂ ಎರಡು ದಿನ ಯಾರಿಗೂ ಊಟ ಆಯ್ತಾ ಎಂದು ಕೇಳಲಿಲ್ಲ.

ಕೂಡಲೇ ಇತಿಹಾಸ ಸಮಿತಿಯಾಯಿತು. ಕಾಫಿ ಅಂಕಲ್, ತಮಿಳು ಶಾಲೆಯ ನಿವೃತ್ತ ಹೆಡ್‌ಮಾಸ್ಟರು, ಊರಿನ ಮಲಯ್ ಮುಖಂಡರು. ಕಾರ್ಯದರ್ಶಿ ನಾನು. ನಾನೇಕೆ ಎಂದು ಕೇಳಿದ್ದಕ್ಕೆ ಹೆಡ್‌ಮಾಸ್ಟರು, "ಸತ್ತವರ ವಿಷಯ ನಿಮಗಲ್ಲದೆ ಇನ್ಯಾರಿಗೆ ಗೊತ್ತು ಸಾರ್?" ಎಂದರು.

ಮೊದಲ ಸಭೆಯಲ್ಲಿ ಒಂದೇ ಪ್ರಶ್ನೆ: ಊರು ಕಟ್ಟಿದ್ದು ಯಾರು? ಮುಖಂಡರು, "ನಮ್ಮ ಅಜ್ಜ. ಅವರು ಬಂದಾಗ ಇಲ್ಲಿ ಬರೀ ಕಾಡು, ನರಪಿಳ್ಳೆ ಇರಲಿಲ್ಲ" ಎಂದರು. ಅಂಕಲ್, "ನಮ್ಮಜ್ಜ ಬಂದಾಗಲೂ ಬರೀ ಕಾಡು, ಯಾರೂ ಇರಲಿಲ್ಲ" ಎಂದ. ಹೆಡ್‌ಮಾಸ್ಟರ ಅಜ್ಜ ಬಂದಾಗಲೂ ಅದೇ ಕಾಡು, ಅದೇ ನಿರ್ಜನ. ಯಾರೂ ಇಲ್ಲದ ಆ ಕಾಡಿನಲ್ಲಿ ಮೂವರು ಅಜ್ಜಂದಿರು ಒಬ್ಬರಿಗೊಬ್ಬರು ಕಾಣದ ಹಾಗೆ ಹೇಗೆ ಓಡಾಡಿದರೋ ದೇವರಿಗೇ ಗೊತ್ತು.

ಕಾಫಿ ಎರಡು ಸಲ ಬಂತು, ಹೋಯಿತು. ಕೊನೆಗೆ ಮೂವರು ಅಜ್ಜಂದಿರೂ ಒಂದೇ ದಿನ ಬೆಳಿಗ್ಗೆ ಮೂರು ದಿಕ್ಕಿನಿಂದ ಬಂದರು ಎಂದು ಸಭೆ ಸರ್ವಾನುಮತದಿಂದ ಒಪ್ಪಿತು. ಹೊರಗೆ ಬಂದ ಮೇಲೆ ಮೂವರೂ ಬೇರೆ ಬೇರೆಯಾಗಿ ನನ್ನ ಕಿವಿಯಲ್ಲಿ ಹೇಳಿದರು, "ನಮ್ಮಜ್ಜ ಸ್ವಲ್ಪ ಬೇಗ ಎದ್ದಿದ್ದರು."

ಗೋಡೆಯಲ್ಲಿ ಒಬ್ಬನಿಗೇ ಜಾಗ

ಈಗ ಎಲ್ಲ ಊರುಗಳಲ್ಲೂ ಗೋಡೆಚಿತ್ರದ ಕಾಲ. ಕಾಫಿ ಅಂಗಡಿಯ ಪಕ್ಕದ ಗೋಡೆಯ ಮೇಲೆ ಮೂಲಪುರುಷರ ಚಿತ್ರ ಬರೆಸುವುದೆಂದಾಯಿತು. ರಾಜಧಾನಿಯ ಬಡಾವಣೆ ಬಾಂಗ್ಸಾರ್‌ನಿಂದ ಒಬ್ಬ ಕಲಾವಿದೆ ಬಂದಳು. ಗೋಡೆ ನೋಡಿ, "ನಡುವೆ ಕಿಟಕಿ ಇದೆ, ಈ ಕಡೆ ನೀರಿನ ಪೈಪು. ಒಬ್ಬರಿಗೆ ಮಾತ್ರ ಜಾಗ. ಹಳೇ ಫೋಟೋ ಕಳಿಸಿ" ಎಂದು ಹೇಳಿ ಹೋದಳು.

ಯಾವ ಅಜ್ಜ? ಮೂವರೂ ಒಬ್ಬರಿಗೊಬ್ಬರು ಮಾತು ಬಿಟ್ಟರು. ಹಾಗೆ ನೋಡಿದರೆ ಒಬ್ಬರ ಹತ್ತಿರವೂ ಫೋಟೋ ಇರಲಿಲ್ಲ. ಅಂಕಲ್‌ನದ್ದನ್ನು ಗೆದ್ದಲು ತಿಂದಿತ್ತು, ಹೆಡ್‌ಮಾಸ್ಟರ ಅಜ್ಜ ಗುಂಪಿನ ಫೋಟೋದಲ್ಲಿ ಯಾರದೋ ಬೆನ್ನ ಹಿಂದೆ ಇದ್ದರು, ಮುಖಂಡರ ಅಜ್ಜ ಫೋಟೋ ತೆಗೆಸಿಕೊಂಡವರೇ ಅಲ್ಲ. ಆದರೆ ಯಾರೂ "ಇಲ್ಲ" ಎನ್ನಲಿಲ್ಲ. "ಹುಡುಕುತ್ತಿದ್ದೇನೆ" ಎಂದರು.

ಎಂಥ ಫೋಟೋ ಬೇಕೆಂದು ಗೊತ್ತಾಗಲಿ ಎಂದು ನಾನೇ, ಕಲಾವಿದೆಯೂ ಇದ್ದ ಸಮಿತಿಯ ವಾಟ್ಸಾಪ್ ಗುಂಪಿಗೆ ನನ್ನ ಅಜ್ಜನ ಫೋಟೋ ಹಾಕಿದೆ. ಕೆಳಗೆ "ಇಂಥದ್ದು ಬೇಕು" ಎಂದು ಬರೆದೆ. ಕಲಾವಿದೆ ಹೆಬ್ಬೆರಳು ಎತ್ತಿ ತೋರಿಸಿದಳು. ಅರ್ಥವಾಯಿತು ಅಂದುಕೊಂಡೆ. ಆಮೇಲೆ ಪರೀಕ್ಷೆಯ ಗಡಿಬಿಡಿಯಲ್ಲಿ ಕಾಫಿ ಅಂಗಡಿಯ ಮೂಲೆಯ ಕಡೆಗೆ ಹೋಗಲಾಗಲಿಲ್ಲ.

ನನ್ನ ಅಜ್ಜನ ಬಗ್ಗೆ ಎರಡು ಮಾತು ಹೇಳಬೇಕು. ಉಡುಪಿ ಕಡೆಯ ನಮ್ಮೂರಿನ ಹೊಳೆ ದಾಟಿದರೆ ಮಡಿ ಕೆಡುತ್ತದೆ ಎಂದು ಜೀವಮಾನದಲ್ಲಿ ಆಚೆ ದಡಕ್ಕೆ ಹೋದವರಲ್ಲ. ಹೊರಗೆ ಒಂದು ತೊಟ್ಟು ನೀರು ಕುಡಿದವರಲ್ಲ, ಮನೆಯಲ್ಲಿ ಯಾರಿಗೂ ಕುಡಿಯಲು ಬಿಟ್ಟವರೂ ಅಲ್ಲ. ಆ ಒಂದು ಫೋಟೋ ಕೂಡ ಯಾರದೋ ಬಲವಂತಕ್ಕೆ, ಕಪ್ಪು ಟೋಪಿ, ಕೋಟು, ಪಂಚೆಯಲ್ಲಿ, ಸಿಟ್ಟಿನಿಂದಲೇ ತೆಗೆಸಿಕೊಂಡದ್ದು.

ವಾರ ಕಳೆದು ಮಗಳನ್ನು ಕರೆದುಕೊಂಡು ಕಾಫಿಗೆ ಹೋದೆ. ಈ ದೇಶದಲ್ಲೇ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. ಗೋಡೆಯನ್ನು ನೋಡಿ ಅವಳು ನಿಂತುಬಿಟ್ಟಳು.

"ಡ್ಯಾಡ್, ವೈ ಈಸ್ ಮುತ್ತಜ್ಜ ಹ್ಯಾವಿಂಗ್ ಕಾಫಿ?"

ನಿಮಗೇನು ಗೊತ್ತು?

ಎರಡಾಳು ಎತ್ತರದ ಅಜ್ಜ. ಅದೇ ಸಿಟ್ಟು. ಕೈಯಲ್ಲಿ ಅಂಕಲ್‌ನ ಅಂಗಡಿಯ ಹೂವಿನ ಚಿತ್ರದ ಕಾಫಿ ಕಪ್ಪು.

ಊರವರು ನನ್ನನ್ನು ಅಟ್ಟಿಸಿಕೊಂಡು ಬರುತ್ತಾರೆ ಎಂದುಕೊಂಡೆ. ಆದದ್ದೇ ಬೇರೆ. ಮುಖಂಡರು ತಾವು ಹಾಕುವಂಥದೇ ಕಪ್ಪು ಟೋಪಿ ನೋಡಿ, "ನಮ್ಮವರೇ" ಎಂದು ತಲೆದೂಗಿದರು. ಹೆಡ್‌ಮಾಸ್ಟರು ಪಂಚೆ ನೋಡಿ, "ಇನ್ನೇನು ಸಾಕ್ಷಿ ಬೇಕು?" ಎಂದರು. ಅಂಕಲ್‌ಗೆ ಕೋಟು, ಕಾಫಿ ಕಪ್ಪು ಎರಡೂ ತನ್ನ ಅಜ್ಜನದೇ ಅನ್ನಿಸಿತು. ಬಿಟ್ಟಿದ್ದ ಮಾತು ಮೂವರಿಗೂ ಮರಳಿ ಬಂತು. ಆ ವಾಟ್ಸಾಪ್ ಫೋಟೋವನ್ನು ಒಬ್ಬರೂ ತೆರೆದು ನೋಡಿರಲಿಲ್ಲ, ಯಾಕೆಂದರೆ ಪರಸ್ಪರ ಕೋಪದಲ್ಲಿ ಮೂವರೂ ಗುಂಪು ಬಿಟ್ಟು ಹೋಗಿದ್ದರು.

ಕತೆಗಳು ಶುರುವಾದವು. ಮೂಲಪುರುಷರು ಹುಲಿಯನ್ನು ಬರೀ ಕಣ್ಣಿನಿಂದ ಹೆದರಿಸಿ ಓಡಿಸಿದ್ದರಂತೆ. ಈ ಒಂದು ಕತೆ ಮಾತ್ರ ನಾನೂ ನಂಬುತ್ತೇನೆ. ಯಾರೋ ಗೋಡೆಯ ಬುಡದಲ್ಲಿ ಊದುಬತ್ತಿ ಹಚ್ಚಿದರು, ಇನ್ಯಾರೋ ಚೆಂಡುಹೂವಿನ ಹಾರ ಇಟ್ಟರು.

ಮನಸ್ಸು ತಡೆಯದೆ ಅಂಕಲ್‌ನನ್ನು ಪಕ್ಕಕ್ಕೆ ಕರೆದು, "ನೋಡು ಅಂಕಲ್, ಅವರು ಇಲ್ಲಿಯವರಲ್ಲ, ನನ್ನ ಅಜ್ಜ" ಎಂದೆ.

ಅಂಕಲ್ ನನ್ನನ್ನು ಕರುಣೆಯಿಂದ ನೋಡಿದ. "ಡಾಕ್ಟರ್, ನೀನು ಬಂದು ಎಷ್ಟು ವರ್ಷ ಆಯ್ತು ಲಾ? ನಮ್ಮ ಊರಿನ ಇತಿಹಾಸ ನಿನಗೇನು ಗೊತ್ತು?"

ಮಾವನವರ ಎದುರು

ಅಧಿಕಾರಿ ಬರುವ ದಿನ ಗೊತ್ತಾಯಿತು. ಅದೇ ಹೊತ್ತಿಗೆ ಉಡುಪಿಯಿಂದ ನನ್ನ ಅಮ್ಮನೂ ಬಂದಿದ್ದರು. ಮಾವ, ಅಂದರೆ ನನ್ನ ಅದೇ ಅಜ್ಜ, ಹಾಕಿದ ಕಟ್ಟಳೆಯಂತೆ ಅಮ್ಮ ಈ ವಯಸ್ಸಿನಲ್ಲೂ ಹೊರಗೆ ನೀರು ಮುಟ್ಟುವುದಿಲ್ಲ, ಹಾಗಾಗಿ ಅವರನ್ನು ಕಾಫಿ ಅಂಗಡಿಯಿಂದ ದೂರ ಇಡುವುದು ಕಷ್ಟವಾಗಲಿಲ್ಲ. ಆದರೆ ಆ ದಿನ ಮುಖಂಡರ ಹೆಂಡತಿ ಮನೆಗೇ ಬಂದು, ಕೈ ಹಿಡಿದು ಸಮಾರಂಭಕ್ಕೆ ಕರೆತಂದರು. ಗೋಡೆಗೆ ಮುಖ ಮಾಡಿ ಕುರ್ಚಿಗಳು. ಮೊದಲ ಸಾಲಿನಲ್ಲಿ ಅಧಿಕಾರಿ, ಅವರ ಪಕ್ಕದ ಕುರ್ಚಿ ಅಮ್ಮನಿಗೆ.

ಅಮ್ಮ ಗೋಡೆ ನೋಡಿದರು. ಸಟಕ್ಕನೆ ಸೆರಗು ಹೊದ್ದುಕೊಂಡರು.

"ಮಾವನವರು ಇಲ್ಲಿ ಎಂತ ಮಾಡ್ತಾ ಇದ್ದಾರೆ?"

"ಆಮೇಲೆ ಹೇಳ್ತೇನೆ. ಈಗ ಕೂತ್ಕೋ ಅಮ್ಮ."

"ಕೂತುಕೊಳ್ಳುದಾ? ಅವರು ಬದುಕಿದ್ದಾಗ ಒಂದು ದಿನ ಅವರೆದುರು ಕೂತವಳಲ್ಲ ನಾನು. ಗೋಡೆ ಮೇಲೆ ಬಂದ್ರು ಅಂತ ಈಗ ಕೂತುಕೊಳ್ಳುದಾ? ಸಾಧ್ಯವೇ ಇಲ್ಲ."

ಅಮ್ಮ ನಿಂತೇ ಇದ್ದರು. ವಯಸ್ಸಾದ ಹೆಂಗಸು ನಿಂತಿರುವುದನ್ನು ನೋಡಿ ಅಧಿಕಾರಿ ಎದ್ದು ನಿಂತರು. ಅಧಿಕಾರಿ ಎದ್ದದ್ದು ನೋಡಿ ಮುಖಂಡರು, ಹೆಡ್‌ಮಾಸ್ಟರು, ಅಂಕಲ್, ಕೊನೆಗೆ ಇಡೀ ಬೀದಿ ಎದ್ದಿತು. ಭಾಷಣಗಳೆಲ್ಲ ನಿಂತೇ ಮುಗಿದವು. ಹಾಗಾಗಿ ಬೇಗ ಮುಗಿದವು.

ಅಧಿಕಾರಿಯ ಕಣ್ಣು ಒದ್ದೆಯಾಗಿತ್ತು. "ಇಷ್ಟು ಭಕ್ತಿಯನ್ನು ನಾನು ಎಲ್ಲೂ ಕಂಡಿಲ್ಲ. ಇವರಿಗೆ ಆ ಹಿರಿಯರ ಬಗ್ಗೆ ಗೊತ್ತಾ? ಕೇಳಿ" ಎಂದರು.

ಅಂಕಲ್ ನನ್ನನ್ನೇ ನೋಡುತ್ತಿದ್ದ. ಒಂದು ಮಾತು ಆಚೀಚೆ ಆದರೆ ಅವನ ಅಂಗಡಿ ಇಲ್ಲ. ಅಮ್ಮನನ್ನು ಕೇಳಿದೆ.

"ಗೊತ್ತಿಲ್ಲದೆ ಎಂತ? ಅವರು ಇದ್ದ ಜಾಗದಿಂದ ಒಂದು ಹೆಜ್ಜೆ ಆಚೆ ಹೋದವರಲ್ಲ, ಯಾರು ಬಂದು ಹೇಳಿದ್ರೂ ಕದಲಿದವರಲ್ಲ ಅಂತ ಹೇಳು."

ಸುಳ್ಳು ಹೇಳುವ ಅವಶ್ಯಕತೆಯೇ ಬೀಳಲಿಲ್ಲ. ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅಧಿಕಾರಿ ಗೋಡೆಯ ಅಜ್ಜನನ್ನು ನೋಡಿದರು, ಅಂಗಡಿ ಸಾಲನ್ನು ನೋಡಿದರು. "ಹಾಗಿದ್ದರೆ ಅವರನ್ನು ಕದಲಿಸಲು ನಾನ್ಯಾರು? ಪಾರ್ಕಿಂಗ್‌ಗೆ ಬೇರೆ ಜಾಗ ನೋಡೋಣ" ಎಂದರು.

ಬೀದಿಯಲ್ಲಿ ಕೂಗಾಟ, ಚಪ್ಪಾಳೆ. ಅಂಕಲ್ ಅಳುತ್ತಲೇ ಎಲ್ಲರಿಗೂ ಕಾಫಿ ಹಂಚತೊಡಗಿದ. ಅಮ್ಮ ಒಂದು ಕುರ್ಚಿಯನ್ನು ತಿರುಗಿಸಿ, ಮಾವನವರಿಗೆ ಬೆನ್ನು ಹಾಕಿ, ಅಂತೂ ಕೂತರು. ಅವರಿಗೆ ಕಾಫಿ ಬೇಡ ಎಂದು ಅಂಕಲ್‌ಗೆ ಸನ್ನೆ ಮಾಡಿದೆ.

ಅಮ್ಮ ಸನ್ನೆ ಮಾಡುತ್ತಿದ್ದ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದರು. ಮೆಲ್ಲಗೆ ಹಿಂದಕ್ಕೆ ತಿರುಗಿ, ಅಜ್ಜನ ಕೈಯಲ್ಲಿದ್ದ ಕಪ್ಪನ್ನು ಇನ್ನೊಮ್ಮೆ ಸರಿಯಾಗಿ ನೋಡಿದರು.

"ಮಾವನವರೇ ಕುಡಿದ ಮೇಲೆ ಸೊಸೆಗೆ ಎಂತ ಮಡಿ ಮಾರಾಯ? ನಂಗೂ ಒಂದು ಹೇಳು. ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ."