ಬಲಗೆನ್ನೆಯ ಅಧಿಕೃತ ನರಹುಲಿ

ನಮ್ಮ ಚಿತ್ರಶಾಲೆಯ ಹೆಮ್ಮೆಯಾದ ‘ಬಟಾಣಿ ಸುಲಿಯುವ ಹೆಂಗಸು’ ಎಂಬ ತೈಲಚಿತ್ರದಲ್ಲಿ ಆ ಹೆಂಗಸಿನ ಬಲಗೆನ್ನೆಯ ಮೇಲೆ ಒಂದು ನರಹುಲಿ ಇದೆ. ಇದು ಯಾರದೋ ಅಭಿಪ್ರಾಯವಲ್ಲ, ಇಲಾಖೆ ಅಳತೆ ಮಾಡಿ ಒಪ್ಪಿಕೊಂಡಿರುವ ಸಂಗತಿ. ಈ ಬಗ್ಗೆ ಊರಿನಲ್ಲಿ ಬೇಡದ ಮಾತುಗಳು ಓಡಾಡುತ್ತಿರುವುದರಿಂದ, ಚಿತ್ರಶಾಲೆಯ ಹಿರಿಯ ಗುಮಾಸ್ತನಾದ ನಾನು ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಚಿತ್ರ ಬರೆದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬಟಾಣಿ ಸುಲಿಯುತ್ತಿರುವವರು ಅವರ ಹೆಂಡತಿ. ಮದುವೆಯಾದ ಹೊಸದರಲ್ಲಿ ಅಡುಗೆಮನೆ ಕಿಟಕಿಯ ಬೆಳಕಿಗೆ ಕೂರಿಸಿ ಬರೆದು, ಆಮೇಲೆ ನಮಗೆ ಮಾರಿದ್ದು. ಆಗ ಆಕೆಯ ಕೆನ್ನೆಯ ಮೇಲೆ ಏನೂ ಇರಲಿಲ್ಲ. ನರಹುಲಿ ಬಂದದ್ದು ಮಂತ್ರಿಗಳ ಭೇಟಿಗೆಂದು ನಮ್ಮ ಛಾವಣಿಗೆ ಪುಟ್ಟಿ ಬಳಿಸಿದಾಗ. ನೆಲಕ್ಕೆ ಬಟ್ಟೆ ಹಾಸಬೇಕೆಂದು ಟೆಂಡರಿನಲ್ಲಿತ್ತು, ಹಾಸಿದರು. ಗೋಡೆಯ ಚಿತ್ರಗಳ ಮಾತು ಅದರಲ್ಲಿರಲಿಲ್ಲ, ಮುಚ್ಚಲಿಲ್ಲ. ಕರಣೆಯಿಂದ ಸಿಡಿದ ಒಂದು ಹನಿ ಆಕೆಯ ಕೆನ್ನೆಗೆ ಹೋಗಿ ಕೂತಿತು, ಕಡಲೆಕಾಳಿನಷ್ಟು. ಮೊದಲು ಬೆಳ್ಳಗಿತ್ತು, ಧೂಳು ಹಿಡಿದು ಹಿಡಿದು ಮೈಬಣ್ಣಕ್ಕೇ ಬಂತು.

ಅದನ್ನು ತೆಗೆಯಲು ಯಾರಿಗೂ ಅಧಿಕಾರವಿರಲಿಲ್ಲ. ಕಸ ಗುಡಿಸುವವರು ಚಿತ್ರವನ್ನು ಮುಟ್ಟುವಂತಿಲ್ಲ. ಚಿತ್ರ ದುರಸ್ತಿ ವಿಭಾಗದವರು ಮುಟ್ಟಬಹುದು, ಆದರೆ ಪುಟ್ಟಿ ಕಟ್ಟಡ ವಿಭಾಗದ ಆಸ್ತಿ. ಕಟ್ಟಡ ವಿಭಾಗದವರು, ಪುಟ್ಟಿ ಛಾವಣಿಯಲ್ಲಿರುವ ತನಕ ಮಾತ್ರ ನಮ್ಮದು, ಕೆಳಗೆ ಬಿದ್ದ ಮೇಲೆ ಸಂಬಂಧವಿಲ್ಲ ಎಂದರು. ಮೂವರು ಹೇಳಿದ್ದೂ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು.

ಇಂಥ ಹೊತ್ತಿನಲ್ಲಿ ಮೂರು ಆಯಾಮದ ಯಂತ್ರ ಬಂತು. ಫೋಟೋ ಹಿಡಿಯುವುದು ಬಣ್ಣವನ್ನು ಮಾತ್ರ. ಈ ಯಂತ್ರ ಬಣ್ಣದ ಉಬ್ಬುತಗ್ಗನ್ನೂ, ಕುಂಚದ ಕೂದಲು ಎಳೆದ ಗೀರನ್ನೂ ಸ್ಕ್ಯಾನ್ ಮಾಡಿ, ಪದರದ ಮೇಲೆ ಪದರ ಹಾಕಿ ಹಾಗೆಯೇ ಮುದ್ರಿಸಿಕೊಡುತ್ತದೆ. ಕಣ್ಣುಮುಚ್ಚಿ ಬೆರಳಾಡಿಸಿದರೆ ಅಸಲು ಯಾವುದು, ನಕಲು ಯಾವುದು ತಿಳಿಯುವುದಿಲ್ಲ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲೆಲ್ಲ ನಕಲುಗಳನ್ನು ತೂಗುಹಾಕಿ ಜನರಿಗೆ ಮುಟ್ಟಲು ಬಿಡುವ ‘ಕಲೆ ನಿಮ್ಮ ಕೈಯಲ್ಲಿ’ ಅಭಿಯಾನ ಆರಂಭವಾಯಿತು. ಚಪ್ಪಟೆ ಚಿತ್ರವನ್ನು ಯಾರು ಬೇಕಾದರೂ ಮಾಡಿಯಾರು ಎಂದು ಯೋಚಿಸಿ, ನಕಲು ಮುದ್ರಿಸುವ ಗುತ್ತಿಗೆದಾರರಿಗೆ ಉಬ್ಬಿನ ಎತ್ತರದ ಲೆಕ್ಕದಲ್ಲಿ ಹಣ ಕೊಡಲು ತೀರ್ಮಾನವಾಯಿತು. ಹೀಗಾಗಿ ಅಸಲಿನಲ್ಲಿ ಕಡಲೆಕಾಳಿನಷ್ಟಿದ್ದದ್ದು ನಕಲುಗಳಲ್ಲಿ ನೆಲ್ಲಿಕಾಯಿಯಷ್ಟಾಯಿತು. ಬಟಾಣಿಗಳೂ ಸುಮಾರಾಗಿ ದಪ್ಪವಾದವು. ಪರಿಣತರು ಬಂದು ನೋಡಿ, ವಿವರಗಳು ಎದ್ದು ಕಾಣುತ್ತಿವೆ ಎಂದು ಒಪ್ಪಿಗೆ ಕೊಟ್ಟರು. ಪ್ರತಿ ನಕಲಿನ ಕೆಳಗೂ ಒಂದು ಹಿತ್ತಾಳೆ ಫಲಕ ಹಾಕಲಾಯಿತು: ‘ಇದರಲ್ಲಿರುವ ಪ್ರತಿಯೊಂದು ಉಬ್ಬೂ ಕಲಾವಿದರ ಸ್ವಂತ ಕೈಯಿಂದ ಆದದ್ದು.’

ಜನ ಬಟಾಣಿಯನ್ನು ಮುಟ್ಟಲಿಲ್ಲ, ನರಹುಲಿಯನ್ನೇ ಮುಟ್ಟಿದರು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗಾಯಿತು. ಪರೀಕ್ಷೆಗೆ ಹೊರಟವರು, ಸಾಲಕ್ಕೆ ಅರ್ಜಿ ಹಾಕಿದವರು, ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರು, ಎಲ್ಲರೂ ಒಮ್ಮೆ ಸವರಿಯೇ ಮುಂದಕ್ಕೆ ಹೋದರು. ನೂಕುನುಗ್ಗಲಾದದ್ದರಿಂದ ಇಲಾಖೆ ಪ್ರಕಟಣೆ ಹೊರಡಿಸಬೇಕಾಯಿತು: ‘ಸಾರ್ವಜನಿಕರು ನರಹುಲಿಯನ್ನು ತಲಾ ಒಂದು ಸಲ ಮಾತ್ರ ಮುಟ್ಟತಕ್ಕದ್ದು. ಹಿಂಡತಕ್ಕದ್ದಲ್ಲ.’ ಒಬ್ಬ ಪ್ರಾಧ್ಯಾಪಕರು, ಹೆಂಗಸರು ಬಾಯಿಬಿಟ್ಟು ಹೇಳದ ದುಃಖವೆಲ್ಲ ಅಲ್ಲಿ ಗಂಟು ಕಟ್ಟಿದೆ ಎಂದು ಉಪನ್ಯಾಸ ಕೊಟ್ಟರು. ನಾನೂ ಹೋಗಿದ್ದೆ. ಕಾಫಿ ಚೆನ್ನಾಗಿತ್ತು.

ಮೇಷ್ಟ್ರ ಹೆಂಡತಿ ಇದನ್ನು ನೋಡಿದ್ದು ಬಸ್ ನಿಲ್ದಾಣದಲ್ಲಿ. ಚಿತ್ರ ಮಾರಿದ ಮೇಲೆ ಅವರು ಅದರ ಮುಖ ನೋಡಿರಲಿಲ್ಲ. ತಂಗಿಯ ಜೊತೆ ಸಾಲಿನಲ್ಲಿ ನಿಂತು, ತಮ್ಮ ಕೆನ್ನೆಯನ್ನು ಊರೇ ಸವರುತ್ತಿರುವುದನ್ನು ಕಂಡು, ಫಲಕವನ್ನು ಓದಿ, ಸೀದಾ ಮನೆಗೆ ಬಂದರು.

“ಇಷ್ಟು ವರ್ಷ ನನ್ನ ಮುಖ ನೋಡ್ಕೊಂಡು ಊಟ ಮಾಡಿದ್ರಲ್ಲ,” ಎಂದು ಗಂಡನನ್ನು ಕೇಳಿದರು, “ನಿಮ್ಮ ಕಣ್ಣಿಗೆ ಕಂಡಿದ್ದು ಇದೇನಾ?”

ಮೇಷ್ಟ್ರು ಆಣೆ ಮಾಡಿ ತಾವು ಬರೆದದ್ದಲ್ಲ ಎಂದರು. ಫಲಕದಲ್ಲಿ ಹಾಕಿದ್ದಾರೆ, ಇಲಾಖೆಯವರು ಸುಳ್ಳು ಬರೆಯುತ್ತಾರೆಯೇ ಎಂದು ಆಕೆ ಕೇಳಿದರು. ಸಾಮಾನ್ಯ ಪ್ರಜೆಯೊಬ್ಬರಿಗೆ ನಮ್ಮ ಮೇಲೆ ಇಷ್ಟು ನಂಬಿಕೆಯಿದೆ ಎಂದು ಆಮೇಲೆ ತಿಳಿದಾಗ ನನಗೆ ನಿಜವಾಗಿಯೂ ಕಣ್ಣು ತುಂಬಿಬಂತು. ಕೆನ್ನೆಯ ಮೇಲಿನದು ಹೋಗುವ ತನಕ ಈ ಹೊಸಿಲು ತುಳಿಯುವುದಿಲ್ಲವೆಂದು ಹೇಳಿ ಆಕೆ ತಂಗಿಯ ಮನೆಗೆ ಹೊರಟುಹೋದರು.

ಮೇಷ್ಟ್ರು ನಮ್ಮ ಕಚೇರಿಗೆ ಅಲೆಯತೊಡಗಿದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿರುತ್ತಿತ್ತು. ನನ್ನ ಮೇಜಿನ ಮೇಲಿನ ಬಿಸ್ಕತ್ತನ್ನು ಕೇಳದೆಯೇ ತಿನ್ನುತ್ತಿದ್ದರು, ನಾನೂ ಬೇಡವೆನ್ನಲಿಲ್ಲ. ಕೊನೆಗೊಂದು ದಿನ ನಿರ್ದೇಶಕರು ಒಳಗೆ ಕರೆದರು.

“ಸಾರ್, ಅದು ಪುಟ್ಟಿ. ನಾನು ಬರೆದಿದ್ದಲ್ಲ.”

“ಅಲ್ಲ ಅನ್ನೋದಕ್ಕೆ ಆಧಾರ?”

“ಬರೆದವನು ನಾನೇ ಹೇಳ್ತಿದೀನಲ್ಲ ಸಾರ್.”

“ನೀವು ದೊಡ್ಡ ಕಲಾವಿದರು, ನಿಮ್ಮ ಮೇಲೆ ನಮಗೆ ಗೌರವ ಇದೆ. ಆದರೆ ನಿಮಗೆ ವಯಸ್ಸಾಗಿದೆ, ಮರೆವು ಸಹಜ. ಯಂತ್ರ ಈ ವರ್ಷ ಬಂದಿದ್ದು. ಅದಕ್ಕೆ ಮರೆವಿಲ್ಲ.”

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನನ್ನ ಹೆಂಡತಿಯನ್ನೇ ಕರೆದು ನೋಡಿಬಿಡಿ ಎಂದು ಮೇಷ್ಟ್ರು ಬೇಡಿಕೊಂಡರು. ನಿರ್ದೇಶಕರು ನ್ಯಾಯವಂತರು, ಕೂಡಲೇ ಒಪ್ಪಿದರು. ಅವರು, ಪ್ರಾಧ್ಯಾಪಕರು ಮತ್ತು ಯಂತ್ರದ ಬಗ್ಗೆ ಬಲ್ಲವರೆಂದು ಗುತ್ತಿಗೆದಾರರು, ಹೀಗೆ ಮೂವರ ಸಮಿತಿ ಕೂತಿತು. ಸಭಾಂಗಣದ ಗೋಡೆಯ ಮೇಲೆ ಅಸಲು ಚಿತ್ರ, ಪಕ್ಕದಲ್ಲಿ ನಕಲು, ಅದರ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ. ಯಂತ್ರವನ್ನು ಮೂರರ ಮೇಲೂ ಆಡಿಸಿದರು. ಆಕೆ ಸೀನಿದ್ದರಿಂದ ಇನ್ನೊಮ್ಮೆ ಆಡಿಸಬೇಕಾಯಿತು.

ಅಸಲಿನದು ಚಿಕ್ಕದು, ನಕಲಿನದು ದೊಡ್ಡದು ಎಂಬ ಪ್ರಶ್ನೆ ಎದ್ದಾಗ ಪ್ರಾಧ್ಯಾಪಕರು, ಒಂದು ಎಳೆಯದು, ಇನ್ನೊಂದು ಬಲಿತದ್ದು ಎಂದು ಬಗೆಹರಿಸಿದರು. ಆಮೇಲೆ ಸಮಿತಿ ತೀರ್ಪು ಕೊಟ್ಟಿತು. ಪರಿಶೀಲಿಸಿದ ಮೂರು ಕೆನ್ನೆಗಳಲ್ಲಿ ಎರಡರಲ್ಲಿ ನರಹುಲಿ ಇದೆ, ಒಂದರಲ್ಲಿ ಇಲ್ಲ. ಬಹುಮತ ನರಹುಲಿಯ ಕಡೆಗಿದೆ. ಮೂರನೆಯ ಪ್ರತಿಯಲ್ಲಿ, ಅಂದರೆ ಮೇಷ್ಟ್ರ ಹೆಂಡತಿಯಲ್ಲಿ, ಕೊರತೆ ಕಂಡುಬಂದಿದೆ. ಅವರಿಗೆ ತೊಂದರೆಯಾಗಬಾರದೆಂದು ಇಲಾಖೆ ತನ್ನ ಖರ್ಚಿನಲ್ಲೇ ಒಂದು ನರಹುಲಿಯನ್ನು ಮುದ್ರಿಸಿ, ಅಂಟಿನ ಸಮೇತ ಮಖಮಲ್ಲಿನ ಡಬ್ಬಿಯಲ್ಲಿಟ್ಟು ಕೊಟ್ಟಿತು.

“ನನ್ನ ಮುಖಕ್ಕೆ ನೀವು ಮಂಜೂರಾತಿ ಕೊಡ್ತೀರಾ?” ಎಂದು ಆಕೆ ಎದ್ದರು. ಗಂಡನ ಕಡೆ ತಿರುಗಿಯೂ ನೋಡದೆ ಹೊರಟರು. ಬಿಟ್ಟಿ ಬಂದದ್ದನ್ನು ಬಿಡಬಾರದೆಂದು ಡಬ್ಬಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡರು.

ಸಮಿತಿ ಊಟಕ್ಕೆ ಹೋಯಿತು. ಮೇಷ್ಟ್ರು ಚಿತ್ರದ ಮುಂದೆಯೇ ನಿಂತಿದ್ದರು. ಪಾಪ, ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆದರು, ಅಷ್ಟೇ. ಪುಟ್ಟಿ ಕಿತ್ತು ಅಂಗೈಗೆ ಬಿತ್ತು. ಅಡಿಯಲ್ಲಿ ಆಕೆಯ ಕೆನ್ನೆ ಬರೆದ ದಿನದ ಹಾಗೇ ಇತ್ತು. ಪುಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ನಾನು ಅಲ್ಲೇ ಇದ್ದೆ, ಆದರೆ ತಡೆಯುವುದು ಕಾವಲುಗಾರನ ಕೆಲಸ, ಗುಮಾಸ್ತನದಲ್ಲ. ಸತ್ಯ ಹೇಳಬೇಕೆಂದರೆ ನನಗೆ ಸಂತೋಷವೂ ಆಯಿತು.

ಮಧ್ಯಾಹ್ನವೇ ಗದ್ದಲವೆದ್ದಿತು. ಗೋಡೆಯ ಮೇಲಿನ ಚಿತ್ರ ಊರಲ್ಲಿರುವ ಯಾವ ನಕಲಿಗೂ ಹೊಂದುತ್ತಿಲ್ಲ. ಅಷ್ಟು ನಕಲುಗಳೂ ಒಂದೇ ಸಮ ತಪ್ಪಾಗಲು ಸಾಧ್ಯವಿಲ್ಲವಾದ್ದರಿಂದ, ತಪ್ಪಿರುವುದು ಗೋಡೆಯ ಮೇಲಿನದರಲ್ಲೇ ಎಂದು ನಿರ್ದೇಶಕರು ಕಂಡುಕೊಂಡರು. ಅದು ಖೋಟಾ ಎಂದು ಘೋಷಣೆಯಾಯಿತು. ಹಾಗಾದರೆ ಅಸಲು ಎಲ್ಲಿ ಎಂದು ಕಟ್ಟಡ ವಿಭಾಗದವರು ಕೇಳಿದರು. ಅಸಲು ಕಳೆದಿದೆಯೆಂದರೆ ವಿಚಾರಣೆಯಾಗುತ್ತದೆ, ವಿಚಾರಣೆಯಾದರೆ ಎಲ್ಲರ ಬಡ್ತಿಯೂ ನಿಲ್ಲುತ್ತದೆ. ಆದ್ದರಿಂದ ಸಭಾಂಗಣದಲ್ಲಿದ್ದ ನಕಲನ್ನೇ ಆ ಗಳಿಗೆಯಿಂದ ಅಸಲು ಎಂದು ಕರೆಯಲಾಯಿತು. ಎತ್ತು ಈಯಿತು ಎಂದಾಗ ಕೊಟ್ಟಿಗೆಗೆ ಕಟ್ಟುವುದೇ ಜಾಣತನ. ಖೋಟಾ ಚಿತ್ರದ ಮೂಲೆಯಲ್ಲಿ ಮೇಷ್ಟ್ರ ರುಜುವೇ ಇದ್ದುದರಿಂದ, ತಮ್ಮ ಚಿತ್ರವನ್ನು ತಾವೇ ಖೋಟಾ ಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಟು, ವಾರದ ಮೇಲೆ ಅದನ್ನು ಅವರಿಗೇ ಒಪ್ಪಿಸಿ ಕಳಿಸಿದೆವು. ಮೇಷ್ಟ್ರು ತಪ್ಪೊಪ್ಪಿಗೆಗೆ ದೊಡ್ಡ ಅಕ್ಷರದಲ್ಲಿ ರುಜು ಹಾಕಿ, ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ಓಡಿದರು.

ಅತ್ತ ತಂಗಿಯ ಮನೆಯಲ್ಲಿ ಆ ವಾರದಲ್ಲಿ ಬೇರೆಯೇ ಕಥೆ ನಡೆದಿತ್ತು. ಚಿತ್ರದಲ್ಲಿರುವುದು ನಾನೇ ಎಂದು ಆಕೆ ಹೇಳಿದರೆ ತರಕಾರಿಯವಳು ನಕ್ಕಿದ್ದಳು. ರೇಗಿ, ತಮಾಷೆಗೆಂದು ಡಬ್ಬಿಯಲ್ಲಿದ್ದದ್ದನ್ನು ಅಂಟಿಸಿಕೊಂಡು ಹೋದಾಗ ಅವಳೇ ಎದ್ದುನಿಂತು ಒಂದು ಬೊಗಸೆ ಬಟಾಣಿ ಹೆಚ್ಚಿಗೆ ಹಾಕಿದಳು. ಬಸ್ಸಿನಲ್ಲಿ ಜನ ಸೀಟು ಬಿಟ್ಟುಕೊಟ್ಟರು. ಶಾಲೆಯೊಂದು ತನ್ನ ನಕಲಿನ ಅನಾವರಣಕ್ಕೆ ಕರೆಯಿತು, ಇಲಾಖೆ ಕಾರು ಕಳಿಸಿತು. ಮೇಷ್ಟ್ರು ಏದುಸಿರು ಬಿಡುತ್ತಾ ಬಂದಾಗ ಕಾರು ಬಾಗಿಲಲ್ಲಿತ್ತು, ನರಹುಲಿ ಕೆನ್ನೆಯಲ್ಲಿತ್ತು.

ಅವರು ಚಿತ್ರವನ್ನು ಗೋಡೆಗೆ ಒರಗಿಸಿ ಕರವಸ್ತ್ರ ಬಿಚ್ಚಿದರು. ಆಕೆ ಪುಟ್ಟಿಯನ್ನು ಉಗುರಿನಿಂದ ಒತ್ತಿದರು. ಪುಡಿಯಾಯಿತು.

“ಹಾಗಾದ್ರೆ ಇದು ನೀವು ಬರೆದಿದ್ದಲ್ಲ.”

“ಅಲ್ಲ ಕಣೇ.”

“ಮೊದಲೇ ಹೇಳ್ಬಾರ್ದಿತ್ತಾ?”

ಮೊದಲೇ ಹೇಳಿದ್ದೆ ಎಂದು ಮೇಷ್ಟ್ರು ಹೇಳಲಿಲ್ಲ. ಸಂಸಾರ ಮಾಡಿದವರಿಗೆ ಅಷ್ಟು ತಿಳಿದಿರುತ್ತದೆ. ಇದೊಂದು ಕಾರ್ಯಕ್ರಮ ಮುಗಿಸಿಕೊಂಡು ಮನೆಗೇ ಬರುತ್ತೇನೆ, ಹಾಲು ತಂದಿಟ್ಟಿರಿ ಎಂದು ಹೇಳಿ ಆಕೆ ಕಾರು ಹತ್ತಿದರು. ಹೇಳಿದ ಹಾಗೆ ಬಂದರು.

ಖೋಟಾ ಚಿತ್ರ ಅಸಲೆಂದು ಮಾರಾಟವಾಗದಂತೆ ಆಗಾಗ ಹೋಗಿ ನೋಡಿಬರುವುದು ಈಗ ನನ್ನ ಕೆಲಸ. ಮೊದಲ ಸಲ ಹೋದಾಗ ಅದು ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ತೂಗುತ್ತಿತ್ತು. ಬಲಗೆನ್ನೆಯ ಮೇಲೆ ನೆಲ್ಲಿಕಾಯಿಯಷ್ಟು ದೊಡ್ಡ ನರಹುಲಿ ಇತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಇದೇನು ಮೇಷ್ಟ್ರೇ ಎಂದು ಇಲಾಖೆಯ ಪರವಾಗಿ ಕೇಳಿದೆ.

ಚಿತ್ರ ಮನೆಗೆ ಬಂದಾಗಿನಿಂದ ಹೆಂಡತಿ ಅದನ್ನು ಹೋಗುತ್ತಾ ಬರುತ್ತಾ ನೋಡುತ್ತಿದ್ದರಂತೆ. ಚೆನ್ನಾಗಿದೆ, ಆದರೆ ನನ್ನ ಹಾಗಿಲ್ಲ, ಯಾರೋ ಬೇರೆಯವರ ಥರ ಇದೆ ಎಂದು ಕೊನೆಗೆ ಹೇಳಿದರಂತೆ. ಮೇಷ್ಟ್ರು ಅಂಗಡಿಯಿಂದ ಪುಟ್ಟಿ ತಂದು, ಬಣ್ಣ ಕಲಸಿ, ಬೆಳಗಿನಿಂದ ಕೂತು ಮೆತ್ತಿದ್ದರು. ಚಿಕ್ಕದಾಯಿತೆಂದು ಆಕೆ ಎರಡು ಸಲ ತೆಗೆಸಿ ಮತ್ತೆ ಮಾಡಿಸಿದ್ದರು. ಈಗ ಆಕೆ ಕಿಟಕಿಯ ಕೆಳಗೆ, ಅಂಟಿಸಿಕೊಂಡ ನರಹುಲಿಯ ಸಮೇತ, ಬಟಾಣಿ ಸುಲಿಯುತ್ತಾ ಕೂತಿದ್ದರು. ನನ್ನ ಕಡೆಗೂ ಒಂದು ತಟ್ಟೆ ತಳ್ಳಿದರು. ಮನೆಯಲ್ಲಿ ಜಗಳದ ಸುಳಿವೂ ಇರಲಿಲ್ಲ.

ನಾನು ಅಳತೆಪಟ್ಟಿ ಹಿಡಿದು ನೋಡಿದೆ. ಇಲಾಖೆಯ ಅಸಲಿಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ‘ಉತ್ತಮ ನಕಲು’ ಎಂದು ಬರೆದು, ಯಾರು ಮಾಡಿದ್ದು ಎಂದು ಕೇಳಿದೆ.

ಮೇಷ್ಟ್ರು ಕೈಗೆ ಹತ್ತಿದ ಪುಟ್ಟಿಯನ್ನು ಬಟ್ಟೆಗೆ ಒರೆಸಿಕೊಂಡು ಹೆಂಡತಿಯ ಕಡೆ ನೋಡಿದರು. ಆಕೆ ಹೂಂ ಎಂಬಂತೆ ತಲೆಯಾಡಿಸಿದರು.

“ನಾನೇ ಸಾರ್,” ಎಂದರು ಮೇಷ್ಟ್ರು. “ಸ್ವಂತ ಕೈಯಿಂದ. ಹಾಗೇ ಬರ್ಕೊಳ್ಳಿ.”

ಬರೆದುಕೊಂಡೆ.