ಒಂದೆಳೆ ಪಾಕದ ಇಂಜಿನ್ ಆಯಿಲ್

ಹಳೇ ಕಾರು ಇಟ್ಟುಕೊಂಡವನ ಬದುಕಿನಲ್ಲಿ ನಗುವಿಗೇನೂ ಬರವಿಲ್ಲ, ನಗುವವರು ಮಾತ್ರ ಬೇರೆಯವರು. ಹೆಂಡತಿಗೆ ದಿನ ತುಂಬುತ್ತಿದ್ದಾಗಲೇ ನಮ್ಮ ಕಾರಿಗೆ ಆಯಿಲ್ ಕುಡಿಯುವ ಚಟ ಹತ್ತಿತು. ಹೆರಿಗೆಗೆ ಮದ್ದೂರಿನಿಂದ ಮಂಡ್ಯದ ಆಸ್ಪತ್ರೆಗೆ ಹೋಗಬೇಕು. ದಾರಿಯಲ್ಲಿ ಕಾರು ಕೈಕೊಟ್ಟರೆ ಏನು ಗತಿ ಎಂದು ನನಗೆ ಊಟವೇ ಸೇರುತ್ತಿರಲಿಲ್ಲ.

ಯಾರನ್ನು ಕೇಳಬೇಕು

"ಎಲ್ಲೂ ಲೀಕಿಲ್ಲ ಸಾ, ಇಂಜಿನ್ನೇ ಕುಡೀತಾ ಐತೆ," ಎಂದ ಮೆಕ್ಯಾನಿಕ್. ಒಳಗೆ ರಿಂಗು ಸವೆದಿದೆಯಂತೆ. "ಬಿಚ್ಚಾಕೆ ಟೈಮಿಲ್ಲ ಅಂದ್ರೆ ತೆಳು ಆಯಿಲ್ ಬುಟ್ಟು ಗಟ್ಟೀದು ಹಾಕಿ. ವಸಿ ತಡೀತದೆ."

"ಎಷ್ಟು ದಿನ ತಡೆಯುತ್ತಪ್ಪಾ? ಹೆಂಡತಿಗೆ ಒಂಬತ್ತು ತುಂಬ್ತಾ ಇದೆ."

ಅವನು ಕೈ ಒರೆಸಿಕೊಂಡ. "ಅದುನ್ನ ಡಾಕ್ಟ್ರುನ್ನೇ ಕೇಳ್ಬೇಕು ಸಾ."

ಹದ

ಮಾವನವರದು ಮಳವಳ್ಳಿ ಹತ್ತಿರ ಆಲೆಮನೆ. ಬೆಲ್ಲದ ಪಾಕವನ್ನು ಬೆರಳಲ್ಲಿ ಮುಟ್ಟಿ ಹದ ಹೇಳುವವರು. ಮಗಳ ಹೆರಿಗೆಗೆಂದು ಅತ್ತೆಯ ಜೊತೆ ನಮ್ಮ ಮನೆಗೇ ಬಂದಿದ್ದರು. ನಾನು ತಂದ ಗಟ್ಟಿ ಆಯಿಲಿನ ಡಬ್ಬಿ ತೆರೆದು, ಒಂದು ತೊಟ್ಟು ಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳು ಕೂಡಿಸಿ ಬಿಡಿಸಿದರು. ಮುಖ ಸಪ್ಪಗಾಯಿತು.

"ಮೋಸ ಮಾಡವ್ನೆ ಅಳಿಯಂದ್ರೇ. ಎಳೆ ಬತ್ತಾ ಇಲ್ಲ. ಇನ್ನೊಂದು ಕುದಿ ಕುದಿಸ್ಬೇಕಿತ್ತು."

ಹೊಟ್ಟೆ

ಬೆಳಿಗ್ಗೆ ಎದ್ದವನೇ ಬಾನೆಟ್ ಎತ್ತಿ, ಕಡ್ಡಿ ಅದ್ದಿ ಆಯಿಲ್ ಮಟ್ಟ ನೋಡುವುದು ನನ್ನ ನಿತ್ಯದ ಪೂಜೆಯಾಯಿತು. ಒಂದು ದಿನ ಹೆಂಡತಿ ಬಾಗಿಲಲ್ಲಿ ಸೊಂಟ ಹಿಡಿದು ನಿಂತಳು. "ದಿನಾ ಅದರ ಹೊಟ್ಟೆ ನೋಡ್ತೀರಲ್ಲ, ನನ್ನ ಹೊಟ್ಟೆ ನೋಡೋರ್ಯಾರು?"

ಹಿಂದಿನ ಸೀಟು

ತಿಂಡಿ ಹೊತ್ತಿಗೆ ನೋವು ಶುರುವಾಯಿತು. ಹೆಂಡತಿ, ಅತ್ತೆ ಹಿಂದೆ ಕೂತರು, ಮಾವ ಮುಂದೆ. ಗೆಜ್ಜಲಗೆರೆ ಬರುತ್ತಿದ್ದಂತೆ ಆಯಿಲಿನ ಕೆಂಪು ದೀಪ ಹತ್ತಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಡಿಕ್ಕಿಯಲ್ಲಿ ಎರಡು ಡಬ್ಬಿ ಇದ್ದವು, ಹಳೇ ತೆಳು ಆಯಿಲಿನದೊಂದು, ಹೊಸ ಗಟ್ಟಿಯದೊಂದು. ಗಟ್ಟಿಯದು ಎತ್ತಿಕೊಂಡರೆ ಮಾವ ಕೈ ಹಿಡಿದರು. "ತಡೀರಿ, ಎಲ್ಡ್ರದ್ದೂ ಎಳೆ ನೋಡ್ಬುಡ್ತೀನಿ."

ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ ಜಗಳವಾಡಿದೆವು. ಕೊನೆಗೆ ಗಟ್ಟಿಯದನ್ನೇ ಸುರಿದೆ. ದೀಪ ಆರಿತು, ಹೊರಟೆವು.

"ಹೆದರಬೇಡ ಕಣೇ, ಬಂದೇಬಿಡ್ತು," ಎಂದೆ. ಹಿಂದಿನಿಂದ ಉತ್ತರವಿಲ್ಲ.

"ನೋವು ಕಮ್ಮಿ ಆಗೈತೆ," ಮಾವ ಪಿಸುಗುಟ್ಟಿದರು. "ಮಾತಾಡಿಸ್ಬ್ಯಾಡಿ, ಮನೀಕಳ್ಳಿ."

ಮಂಡ್ಯ ಸೇರುವಾಗ ಹೆಂಡತಿಯ ಫೋನು ಬಂತು. ಮಾವ ನನ್ನ ಕಿವಿಗೆ ಹಿಡಿದರು. "ಹಿಂದೇನೇ ಕೂತ್ಕೊಂಡು ಫೋನ್ ಯಾಕೇ ಮಾಡ್ತೀಯ?" ಎಂದು ರೇಗಿದೆ.

"ಒಂದ್ಸಲ ಹಿಂದೆ ತಿರುಗಿ ನೋಡ್ರೀ," ಎಂದಳು. "ನೀವಿಬ್ರೂ ಬಾನೆಟ್ಟಲ್ಲಿ ಜಗಳ ಆಡ್ತಿದ್ದಾಗ ಕೂಗಿ ಕೂಗಿ ಸಾಕಾಯ್ತು. ಅಲ್ಲೇ ಬಂದ ಯಾವುದೋ ಫ್ಯಾಕ್ಟರಿಯವರ ಖಾಲಿ ವ್ಯಾನ್ ಹತ್ತಿ ಅಮ್ಮ, ನಾನು ಆಸ್ಪತ್ರೆಗೆ ಬಂದಾಯ್ತು."

ಸೀಟಿನ ಮೇಲೆ ಅತ್ತೆಯ ಚೀಲವೊಂದೇ ಕೂತಿತ್ತು.

ನಾವು ಆಸ್ಪತ್ರೆ ಮುಟ್ಟಿ ಬೈಸಿಕೊಂಡು ಮುಗಿಸುವಷ್ಟರಲ್ಲಿ ಮಗಳು ಹುಟ್ಟಿದಳು. ನನಗೆ ಅಳು ತಡೆಯಲಾಗಲಿಲ್ಲ. ಮಾವನ ಆಯಿಲ್ ಕೈ ಕಂಡು ನರ್ಸು ಗದರಿದರು. ಸೋಪು ಹಚ್ಚಿ ತೊಳೆದು ಬಂದ ಮಾವ, ಮಗುವಿನ ಕೆನ್ನೆಯನ್ನು ಅದೇ ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿದರು. ಮುಖ ಅರಳಿತು.

"ಈಗ ಬಂತು ನೋಡಿ ಎಳೆ, ಅಳಿಯಂದ್ರೇ. ಇನ್ನು ಕುದಿಸಂಗಿಲ್ಲ."